ಬೀರವ್ವ ಇಡುತ್ತಿದ್ದ ನೂಲು

ಪೂಜ್ಯ ಮೌನಸಿದ್ಧ ಅಜ್ಜನವರು ಆಗ ಹಾಲಗುಂದಿಯ ಕುರಿಹಟ್ಟಿಯ ಪಕ್ಕದ ಮುರುಕು ಗುಡಿಯಲ್ಲಿ ತಂಗಿದ್ದರು. ಹೊದೆಯಲು ಒಂದು ಕಂಬಳಿ, ಉಣ್ಣಲು ಭಕ್ತರು ತಂದ ರೊಟ್ಟಿ, ಅಷ್ಟೇ. ಒಂದು ಮಧ್ಯಾಹ್ನ ಬೀರವ್ವ ಎಂಬ ವಿಧವೆ ಬಂದು ಅವರ ಪಾದದ ಬಳಿ ಕುಸಿದಳು.

"ಅಜ್ಜಾ, ಸತ್ತ ನನ್ನ ಗಂಡ ಇನ್ನೂ ನೇಯ್ತಾರ್ರೀ."

ಅವಳ ಗಂಡ ಹಾಲಪ್ಪ ಕೆಮ್ಮಿನ ರೋಗದಿಂದ ತೀರಿಕೊಂಡಿದ್ದ. ಅರ್ಧ ನೇಯ್ದ ಕಂಬಳಿ ಮಗ್ಗದ ಮೇಲೇ ಉಳಿದಿತ್ತು. ಹೊತ್ತು ಮುಳುಗುತ್ತಲೇ ಮಗ್ಗ ಸದ್ದು ಮಾಡುತ್ತಿತ್ತು. ಸದ್ದಿನ ನಡುವೆ ಅದೇ ಕೆಮ್ಮು. ಬೆಳಗ್ಗೆ ಕಂಬಳಿ ಗೇಣುದ್ದ ಬೆಳೆದಿರುತ್ತಿತ್ತು. ಊರಲ್ಲಿ ಬುದ್ಧಿವಂತರಿಗೇನು ಬರವೇ? ಇಲಿ ಎಂದರು. ಇಲಿ ಕಂಬಳಿಯನ್ನು ಕಡಿದೀತು, ನೇಯ್ದೀತೆ?

"ಸತ್ತ ಮ್ಯಾಲೂ ಕೆಮ್ಮಿ ಕೆಮ್ಮಿ ದುಡೀತಾರ. ಅವರಿಗೆ ವಿಶ್ರಾಂತಿ ಕೊಡಸ್ರಿ ನನ್ನಪ್ಪಾ," ಎಂದು ಅತ್ತಳು.

ಅಜ್ಜನವರು ಎದ್ದು ಅವಳ ಮನೆಗೆ ನಡೆದರು. ನೇಯುವವನು ಕಾಲಿಳಿಬಿಟ್ಟು ಕೂರುವ ಮಗ್ಗದ ಗುಂಡಿಯ ಅಂಚಿನಲ್ಲಿ ಹೊಸದಾಗಿ ನೂತ ಕರಿಯ ನೂಲಿನ ಉಂಡೆ ಇತ್ತು. ಅದನ್ನೇ ನೋಡುತ್ತ ಕುಳಿತರು.

"ನೂಲು ಯಾರು ಇಡ್ತಾರವ್ವಾ?"

ಬೀರವ್ವ ತಲೆ ತಗ್ಗಿಸಿದಳು. ನೂಲುವುದು ಹೆಂಡತಿ, ನೇಯುವುದು ಗಂಡ. ಆ ಮನೆಯ ಬದುಕು ನಡೆದದ್ದೇ ಹಾಗೆ. ನೂಲು ಮುಗಿದರೆ ಹಾಲಪ್ಪ ಮಗ್ಗದ ಮರವನ್ನು ಕುಟ್ಟುತ್ತಿದ್ದ, ಅವಳು ತಂದಿಡುತ್ತಿದ್ದಳು.

"ಈಗ್ಲೂ ಕುಟ್ತಾರ್ರಿ. ನಾನ ಇಡ್ತೀನಿ. ಇಡದಿದ್ರ ಆ ಸಪ್ಪಳಾನೂ ಹೋಗತೈತಲ್ರಿ."

"ಇವತ್ತು ಇಡಬ್ಯಾಡ," ಎಂದರು ಅಜ್ಜನವರು.

ಅವಳು ಉಂಡೆಯನ್ನು ಮಡಿಲಿಗೆ ಎಳೆದುಕೊಂಡಳು. ಹೊತ್ತು ಮುಳುಗಿತು. ಬರಿದಾದ ಗುಂಡಿಯಲ್ಲಿ, ನೇಯುವಾಗ ತುಳಿಯುವ ಕಾಲುಮಣೆ ತಾನಾಗಿ ತಗ್ಗಿತು. ಲಾಳಿ ಓಡಿತು, ಅದರಲ್ಲಿದ್ದ ಚೂರು ನೂಲು ಮುಗಿಯಿತು. ಕೆಮ್ಮು ಬಂತು. ಆಮೇಲೆ ಮರ ಕುಟ್ಟಿದ ಸದ್ದು.

ಬೀರವ್ವನ ಕೈ ಮಡಿಲಿನ ಉಂಡೆಯತ್ತ ಹೋಯಿತು. ಮರ ಮತ್ತೆ ಸದ್ದು ಮಾಡಿತು, ಈ ಸಲ ಮೆಲ್ಲಗೆ, ಕೇಳಿಕೊಳ್ಳುವಂತೆ. ಅವಳು ಅಜ್ಜನವರತ್ತ ನೋಡಿದಳು. ಅವರು ಕಣ್ಣು ಮುಚ್ಚಿದ್ದರು.

"ನೂಲು ಮುಗೀತ್ರಿ," ಎಂದಳು ಗುಂಡಿಯ ಕಡೆ ತಿರುಗಿ. "ಸಾಕು ಮಾಡ್ರಿ. ಏಳ್ರಿ."

ಯಾರೋ ಮೊಣಕಾಲಿಗೆ ಕೈಯೂರಿ ಎದ್ದಂತಾಯಿತು. ಉಣ್ಣೆಯ ವಾಸನೆ ಅವಳನ್ನು ಹಾದು ಬಾಗಿಲು ದಾಟಿತು. ಕೆಮ್ಮು ಮಾತ್ರ ಕೇಳಿಸಲಿಲ್ಲ.

ಅಜ್ಜನವರು ಕಂಬಳಿಯನ್ನು ಮಗ್ಗದಿಂದ ಕೊಯ್ದು ಅವಳ ಹೆಗಲಿಗೆ ಹೊದಿಸಿದರು. ಅದು ಬೆಚ್ಚಗಿತ್ತು.

ನಂಬದವರು ನಗಲಿ. ಬೀರವ್ವ ಆಮೇಲೂ ನೂತಳು, ನೂತದ್ದನ್ನು ನೇಯಿಸಿ ಕಂಬಳಿಯಿಲ್ಲದ ಮನೆಗಳಿಗೆ ಕೊಟ್ಟಳು. ಬೀದಿಯಲ್ಲಿ ಯಾರಾದರೂ ಕೆಮ್ಮಿದರೆ, ಹಾಲಪ್ಪನೇ ಎಂದು ಅವಳು ಮತ್ತೆ ತಿರುಗಿ ನೋಡಲಿಲ್ಲ.