ಪಿಕಳಾರದ ಅರಚಾಟ

"ಮತ್ತೆ ಅಡ್ಡ ಬಾಯಿ ಹಾಕಿದೆಯಲ್ಲೇ, ಜುಟ್ಟಿನ ಬಿನ್ನಾಣಗಿತ್ತಿ! ನನ್ನ ಮಕ್ಕಳು ತಿನ್ನುವ ಹೊತ್ತಿಗೇ ನಿನ್ನ ಗಂಟಲು ತೆರೆಯಬೇಕೇ?" ಎಂದು ಹೇಂಟೆ ದಾಸವಾಳದ ಗಿಡದತ್ತ ಕತ್ತೆತ್ತಿ ಗದರಿತು. ಬೆಳಗಿನಿಂದ ಹಿತ್ತಲಿನ ತಿಪ್ಪೆ ಕೆದಕಿ ಅದು ಆಗಷ್ಟೇ ಗೆದ್ದಲು ಹುಡುಕಿ ತೆಗೆದಿತ್ತು. ಗಿಡದಲ್ಲಿ ಗೂಡು ಕಟ್ಟಿದ್ದ ಪಿಕಳಾರ ಹಕ್ಕಿ ಅರಚಿದ್ದೇ ತಡ, ಮರಿಗಳೆಲ್ಲ ತಿನ್ನುವುದನ್ನು ಬಿಟ್ಟು ತಾಯಿಯ ರೆಕ್ಕೆಯಡಿ ನುಗ್ಗಿದ್ದವು.

"ಬೇಲಿಯಲ್ಲಿ ಮುಂಗುಸಿ ಇತ್ತು, ಅಕ್ಕ. ಅರಚಿದ ಮೇಲೆ ಹಿಂದಕ್ಕೆ ಹೋಯಿತು," ಎಂದಿತು ಪಿಕಳಾರ.

"ದಿನವೂ ಮುಂಗುಸಿ ಅನ್ನುತ್ತೀ. ಒಂದು ದಿನವಾದರೂ ಅದು ನನ್ನ ಮಕ್ಕಳನ್ನು ಮುಟ್ಟಿದೆಯೇ? ಬೆಳಗಿನ ಹೊತ್ತು ಹಾಡುತ್ತೀಯಲ್ಲ, ಅದು ಚೆಂದ. ಅಷ್ಟು ಮಾಡಿಕೊಂಡು ಬಿದ್ದಿರು."

"ಹಾಡುವುದು ನನ್ನ ಸಂತೋಷಕ್ಕೆ. ಅರಚುವುದು ಗೂಡಿನಲ್ಲಿರುವ ಮೊಟ್ಟೆಗಳಿಗಾಗಿ, ಅಕ್ಕ."

"ಹಾಗಾದರೆ ಗೂಡೇ ಬೇಡ!" ಎಂದು ಹೇಂಟೆ ಗಿಡದ ಮೇಲೆ ಹಾರಿ ಗೂಡನ್ನು ಕುಕ್ಕಿ ಕೆಡವಿತು. ಮೊಟ್ಟೆಗಳು ಒಡೆದವು. ಪಿಕಳಾರ ಸ್ವಲ್ಪ ಹೊತ್ತು ಅವುಗಳ ಮೇಲೆಯೇ ಸುತ್ತಿ ಹಿತ್ತಲು ಬಿಟ್ಟು ಹೋಯಿತು. ಅಲ್ಲಿ ಕಾಯಲು ಅದಕ್ಕೆ ಏನೂ ಉಳಿದಿರಲಿಲ್ಲ.

ಮರುದಿನ ಮರಿಗಳು ತಲೆ ಎತ್ತದೆ ಹೊಟ್ಟೆ ತುಂಬ ತಿಂದವು. ಹೇಂಟೆಗೂ ನೆಮ್ಮದಿಯಾಗಿತ್ತು. ಮುಂಗುಸಿ ಬೇಲಿ ದಾಟಿ ತಿಪ್ಪೆಯವರೆಗೆ ಬಂದದ್ದು ಯಾರಿಗೂ ಗೊತ್ತಾಗಲಿಲ್ಲ. ಹೇಂಟೆ ಜೀವದ ಹಂಗು ತೊರೆದು ಕಾದಾಡಿತು. ಆದರೂ ಕೊನೆಗೆ ಉಳಿದದ್ದು ಒಂದೇ ಮರಿ. ಅದು ರಕ್ತ ಹತ್ತಿದ ರೆಕ್ಕೆಯಡಿಯಿಂದ ತಲೆ ಹೊರಹಾಕಿ ಕೇಳಿತು:

"ಅಮ್ಮಾ, ಓಡಬೇಕು ಅಂತ ಇನ್ನು ನಮಗೆ ಯಾರು ಹೇಳುತ್ತಾರೆ?"