ಕಲ್ಲಿಲ್ಲದ ಊರಿನ ಕಲ್ಮನೆ

ಒಂದಾನೊಂದು ಕಾಲದಲ್ಲಿ, ಅಂದ್ರೆ ನಿಮ್ಮ ತಾತನ ತಾತ ಇನ್ನೂ ತೊಟ್ಟಿಲಲ್ಲಿದ್ದ ಕಾಲದಲ್ಲಿ, ಹೊಳೆ ಮಧ್ಯದ ನಡುಗಡ್ಡೆ ಮೇಲೆ ಒಂದು ಊರಿತ್ತಂತೆ. ಸುತ್ತ ನೀರು, ಕಾಲಿಟ್ಟ ಕಡೆ ಮರಳು, ಹೋಗಿಬರೋಕೆ ಒಂದೇ ಹರಿಗೋಲು. ಊರ ನಡುವೆ ದಿಬ್ಬದ ಮೇಲೆ ಪಾಳುಬಿದ್ದ ಒಂದು ಕಲ್ಮನೆ. ಯಾರು ಕಟ್ಟಿದ್ರು, ಯಾಕೆ ಕಟ್ಟಿದ್ರು, ಒಬ್ಬರಿಗೂ ಗೊತ್ತಿಲ್ಲ. ಗೊತ್ತಿಲ್ಲ ಅಂತ ಒಪ್ಕೊಳ್ಳೋಕೆ ಮಾತ್ರ ಒಬ್ಬರೂ ತಯಾರಿಲ್ಲ.

ಆ ಊರಲ್ಲೊಂದು ಪದ್ಧತಿ ಇತ್ತಂತೆ. ಹೊಸದಾಗಿ ಬಂದ ಸೊಸೆ ಆ ಕಲ್ಮನೆಯಿಂದ ಮೂರು ಕಲ್ಲು ಕಿತ್ತು ತಂದು, ಒಲೆ ಹೂಡಿ, ಹೊತ್ತು ಮುಳುಗೋದ್ರೊಳಗೆ ಅನ್ನ ಮಾಡಿ ಬಡಿಸಬೇಕು. ಇಲ್ಲಾಂದ್ರೆ ಕಡೇ ಹರಿಗೋಲಲ್ಲೇ ತವರಿಗೆ ವಾಪಸ್. ಹಿಂಗೆ ಒಬ್ಬೊಬ್ಬಳೂ ಕಿತ್ತು ಕಿತ್ತು ಆ ಮನೆ ಹಲ್ಲುದುರಿದ ಬಾಯಿ ಥರಾ ಆಗಿತ್ತಂತೆ. ನಗಬೇಡ, ನನ್ನ ಬಾಯಿ ಯಾಕೆ ನೋಡ್ತೀಯಾ?

ಹೊನ್ನಾಜಮ್ಮ ಅಂತ ಒಬ್ಬ ಗಟ್ಟಿಗಿತ್ತಿ, ಅವಳಿಗೆ ಮೂರು ಜನ ಗಂಡುಮಕ್ಕಳು. ದೊಡ್ಡ ಸೊಸೆ ಬಂದ್ಲು, ಕಲ್ಲು ಕಿತ್ತಳು, ಒಲೆ ಹೂಡಿದ್ಲು. ನಡುವಿನ ಸೊಸೆ ಬಂದ್ಲು, ಅವಳೂ ಹಂಗೇ. ಆಮೇಲೆ ಕಿರಿಸೊಸೆ ದೇವೀರಿ ಬಂದ್ಲಂತೆ. ಅವಳೋ ನಿನ್ನ ಥರಾನೇ, ಬಾಯಿ ತೆರೆದರೆ ಯಾಕೆ, ಯಾರು, ಎಲ್ಲಿ. ಅತ್ತೆ, ಯಾರದೋ ಮನೆ ಕೆಡವಿ ನಾನು ಒಲೆ ಹೂಡೋದಾ, ಅದು ಯಾರ ಮನೆ ಮೊದಲು ಹೇಳಿ ಅಂದ್ಲಂತೆ.

ರಾಕ್ಷಸನ ಮನೆ ಕಣೇ, ಬೇಗ ಹೋಗು ಅಂದ್ಲು ಹೊನ್ನಾಜಮ್ಮ. ದೇವೀರಿ ಹೋದ್ರೆ ಬಾಗಿಲು ಎಷ್ಟು ಗಿಡ್ಡ ಅಂದ್ರೆ ಅವಳ ಹಣೆಗೇ ಬಡೀತು. ಇದ್ಯಾವ ರಾಕ್ಷಸ, ತೆವಳ್ಕೊಂಡು ಬರ್ತಿದ್ನಾ ಅಂತ ಹಣೆ ಉಜ್ಜಿಕೊಂಡು ವಾಪಸ್ ಬಂದ್ಲಂತೆ. ಆಮೇಲೆ ಹರಿಗೋಲಿನ ಅಂಬಿಗನ್ನ ಕೇಳಿದ್ಲು. ರಾಜನ ಅರಮನೆ ಕಣವ್ವ ಅಂದ. ಹೋಗಿ ನೋಡಿದ್ರೆ ಒಂದು ಕಲ್ಲಿನ ಹಾಗೆ ಇನ್ನೊಂದಿಲ್ಲ, ಒಂದು ಕಪ್ಪು, ಒಂದು ಬೂದಿ, ಒಂದು ದುಂಡಗೆ, ಒಂದು ಸೊಟ್ಟ. ರಾಜ ಇಂಥಾ ಗೋಡೆ ಕಟ್ಟಿಸ್ತಾನಾ? ಆಮೇಲೆ ಪೂಜಾರಪ್ಪನ್ನ ಕೇಳಿದ್ಲು, ದೇವಸ್ಥಾನ ಕಣಮ್ಮ ಅಂದ. ಮೂರನೇ ಸಲ ಹೋದ್ಲು. ಗರ್ಭಗುಡಿ ಇಲ್ಲ, ದೀಪದ ಗೂಡಿಲ್ಲ, ಉದ್ದಕ್ಕೆ ಜಗಲಿ ಮಾತ್ರ. ಅಷ್ಟರಲ್ಲಿ ಹೊತ್ತು ಇಳೀತಾ ಬಂತು. ತವರಿಗೆ ಕಳಿಸಿಬಿಟ್ರೆ ಅಪ್ಪನ ಮುಖ ಹೆಂಗೆ ನೋಡಲಿ? ಹೋಗ್ಲಿ, ಕಿತ್ತೇಬಿಡೋಣ ಅಂತ ಗೋಡೆ ಬುಡದ ಒಂದು ಕಲ್ಲಿಗೆ ಕೈ ಹಾಕಿದ್ಲಂತೆ.

ಕೈ ಹಾಕಿದೋಳು ಹಂಗೇ ನಿಂತ್ಬಿಟ್ಲು. ಹಸಿರು ಕಲ್ಲು, ನಡುವೆ ಬಿಳಿ ಗೆರೆ. ಅವಳ ತವರಿನ ಬೆಟ್ಟದ ಕಲ್ಲು! ಅಂಥಾ ಬಂಡೆ ಮೇಲೆ ಜಾರಿ ಜಾರಿ ಲಂಗ ಹರ್ಕೊಂಡು ಬೆಳೆದೋಳು ಅವಳು, ಗುರುತು ಸಿಗದೆ ಇರುತ್ತಾ? ಈ ಊರಲ್ಲಿ ಎಷ್ಟು ಅಗೆದ್ರೂ ಮರಳೇ, ಒಂದು ಕಲ್ಲೂ ಹುಟ್ಟಲ್ಲ. ಹಂಗಾದ್ರೆ ಇದನ್ನ ತಂದೋರು ಯಾರು? ಆ ಕಪ್ಪು ಕಲ್ಲು, ಬೂದಿ ಕಲ್ಲೆಲ್ಲ ಹೊಳೆ ದಾಟಿ ಬಂದಿದ್ದು ಹೆಂಗೆ? ಊರೂರಿಂದ ಇಲ್ಲಿಗೆ ಬರೋರು ಯಾರು, ಹೇಳು ನೋಡೋಣ? ಸೊಸೇರು ತಾನೇ! ದಿಬ್ಬದ ಮೇಲೆ, ಅದೂ ಉದ್ದಕ್ಕೆ ಜಗಲಿ ಯಾಕೆ? ಹೊಳೆ ಉಕ್ಕಿದಾಗ ಮಕ್ಕಳುಮರಿ ಕಟ್ಕೊಂಡು ಹತ್ತಿ ಕೂರೋಕೆ ಅಂತ, ಒಬ್ಬೊಬ್ಬಳೂ ತನ್ನ ತವರಿಂದ ಕಲ್ಲು ತಂದು ಕಟ್ಟಿದ ಮನೆ ಅದು. ತರೋ ಪದ್ಧತಿನ ಯಾವಾಗಲೋ ಮರೆತು, ಕೀಳೋ ಪದ್ಧತಿ ಮಾಡ್ಕೊಂಡು ಕೂತಿದ್ರು ದಡ್ಡರು.

ಅಷ್ಟೊತ್ತಿಗೆ ಹೊನ್ನಾಜಮ್ಮ ಸೊಸೆಯ ಬಟ್ಟೆ ಗಂಟು ಹಿಡ್ಕೊಂಡು ಧುಮುಧುಮು ಅಂತ ಬಂದ್ಲಂತೆ. ಹರಿಗೋಲು ನಿಂತಿದೆ, ನಡಿ ಅಂದ್ಲಂತೆ. ದೇವೀರಿ ಗಂಟು ಮುಟ್ಟಲಿಲ್ಲ. ಅತ್ತೆ, ನಿಮ್ಮ ತವರಿನ ಕಲ್ಲು ಯಾವ ಬಣ್ಣ ಅಂತ ಕೇಳಿದ್ಲಂತೆ.

ಹೊನ್ನಾಜಮ್ಮ ಗಂಟು ಕೆಳಗಿಟ್ಲು. ಈ ಊರಿಗೆ ಬಂದ ಮೇಲೆ ಅವಳ ತವರಿನ ಸುದ್ದಿ ಕೇಳಿದೋರೇ ಇಲ್ಲ, ಪಾಪ. ಕೆಂಪು ಅಂದ್ಲು, ಮೆಲ್ಲಗೆ. ದೇವೀರಿ ಎಲ್ಲ ಬಿಡಿಸಿ ಹೇಳಿದ್ಲು. ಆಮೇಲೆ ಅತ್ತೆ ಸೊಸೆ ಇಬ್ಬರೂ ಬಗ್ಗಿ, ಎದ್ದು, ಹುಡುಕಿ ಹುಡುಕಿ, ಮೂಲೇಲಿ ಬಳ್ಳಿ ಸರಿಸಿದ್ರೆ ಒಂದು ಕೆಂಪು ಕಲ್ಲು. ಹೊನ್ನಾಜಮ್ಮ ಅದಕ್ಕೆ ಕೆನ್ನೆ ಒತ್ತಿ, ನಾನು ಕಿತ್ತ ಮೂರು ಯಾವ ಹೆಣ್ಣುಮಕ್ಕಳ ತವರಿನವೋ ಅಂತ ಗೊಳೋ ಅಂದ್ಲಂತೆ. ಅಳಲಿ ಬಿಡು, ಎಷ್ಟು ವರ್ಷದ್ದು ಒಳಗಿತ್ತೋ.

ಆಮೇಲೆ ದೇವೀರಿ ಹೊಳೆದಂಡೆಯ ಜೇಡಿಮಣ್ಣಲ್ಲಿ ಒಲೆ ಹಾಕಿ ಅನ್ನ ಮಾಡಿ ಬಡಿಸಿದ್ಲು. ಹೊತ್ತು ಮುಳುಗಿ ಕತ್ತಲಾಗಿತ್ತು, ಆದ್ರೂ ಹೊನ್ನಾಜಮ್ಮ ಕೂತು ಉಂಡ್ಲಂತೆ. ಬೆಳಗ್ಗೆ ಎದ್ದು ಅತ್ತೆ ಸೊಸೇರು ಮಸಿ ಹಿಡಿದ ಒಲೆಕಲ್ಲುಗಳನ್ನ ತೊಳೆದು ಗೋಡೆಗೆ ಇಟ್ಟರಂತೆ. ಅವರನ್ನ ನೋಡಿ ಊರವರೂ ಇಟ್ಟರಂತೆ.

ಆಮೇಲೆ ಹೊನ್ನಾಜಮ್ಮ ದೊಡ್ಡ ಮಗನ್ನ ಕರೆದು, ನನ್ನನ್ನ ಹರಿಗೋಲು ಹತ್ತಿಸೋ, ತವರಿಗೆ ಹೋಗಿಬರ್ತೀನಿ ಅಂದ್ಲಂತೆ. ಹೋದ್ಲು, ಬಂದ್ಲು. ಬರುವಾಗ ಆ ತಲೆ ನರೆತ ಗಟ್ಟಿಗಿತ್ತಿ ಮಡಿಲಲ್ಲಿ ಒಂದು ಕೆಂಪು ಕಲ್ಲು ಇಟ್ಕೊಂಡು, ಹೊಸ ಮದುಮಗಳ ಥರಾ ನಾಚ್ಕೊಂಡು, ಕಾಯ್ತಾ ನಿಂತಿದ್ದ ಕಿರಿಸೊಸೆ ಕೈ ಹಿಡಿದು ದಡಕ್ಕೆ ಇಳಿದಳಂತೆ.

ಅವರ ಮನೆ ಒಲೆ ಹತ್ತಿತು, ನಮ್ಮ ಮನೆ ಕತೆ ಮುಗೀತು. ಕಣ್ಣು ಮುಚ್ಚು.