ತೌರಿನ ಬೆಂಕಿ ಬಚ್ಚಿಟ್ಟ ರಾಣಿ

ದೀಪದ ಕುಡಿ ಸರಿಮಾಡಿ, ಕೈಯಲ್ಲಿ ನಾಲ್ಕು ಕಾಳು ಅಕ್ಷತೆ ಹಿಡಿದು, ಮನಸ್ಸನ್ನು ಒಲೆಯ ತಾಯಿಯ ಪಾದದಲ್ಲಿಟ್ಟು ಕೇಳಿರಿ ತಾಯಂದಿರಾ.

ಪಡುವಣ ಕಡಲಿನಾಚೆ, ಮಂಜು ಮುಸುಕಿದ ಹಸುರು ದ್ವೀಪದಲ್ಲಿ ಕೆಲ್ಟರೆಂಬ ಜನರಿದ್ದರು. ಅವರಿಗೆ ವರ್ಷಕ್ಕೆ ನಾಲ್ಕು ಹಬ್ಬ. ಚಳಿ ಹುಟ್ಟುವಾಗ ಸೌವಿನ್, ಕುರಿಯ ಕೆಚ್ಚಲಿಗೆ ಹಾಲಿಳಿಯುವಾಗ ಇಂಬೋಲ್ಕ್, ದನಗಳನ್ನು ಬೆಟ್ಟದ ಮೇವಿಗೆ ಹೊಡೆಯುವಾಗ ಬೆಲ್ಟೇನ್, ಮೊದಲ ತೆನೆ ಕೊಯ್ಯುವಾಗ ಲೂನಸಾ. ಸೌವಿನ್ ಮತ್ತು ಬೆಲ್ಟೇನ್ ಬಂತೆಂದರೆ ಅರಮನೆಯಿಂದ ಗುಡಿಸಲಿನವರೆಗೆ ಎಲ್ಲರೂ ಒಲೆ ಆರಿಸಿ, ಗುಡ್ಡದ ಮೇಲೆ ಊರೆಲ್ಲ ಕೂಡಿ ಹೊತ್ತಿಸಿದ ಬೆಂಕಿಯಿಂದ ಕೆಂಡ ತಂದು ಮತ್ತೆ ಹಚ್ಚಬೇಕೆಂಬುದು ಒಲೆ ಕಾಯುವ ದೇವತೆ ಬ್ರಿಗಿತಾ ತಾಯಿಯ ನೇಮ.

ಆ ನಾಡಿನ ರಾಣಿ ದೆರ್ವಲೆ. ಒಂದು ಬೇಸಗೆಯಲ್ಲಿ ಆಕೆಯ ತಾಯಿ ತೀರಿಕೊಳ್ಳಲು, ತೌರಿಗೆ ಹೋದವಳು ತಾಯಿಯ ಒಲೆಯ ಕೆಂಡವನ್ನು ಕುಡಿಕೆಯಲ್ಲಿ ತಂದು ತನ್ನ ಒಲೆಗೆ ಹಾಕಿಕೊಂಡಳು. ಸೌವಿನ್ ಬಂದಿತು. ರಾಜನು ಗಡಿಗೆ ಹೋಗಿದ್ದನು. ರಾಣಿಯು, “ಕುರಿ ಕಾಯುವವರು ಮುಟ್ಟಿದ ಕೆಂಡ ನನ್ನ ಒಲೆಗೇ? ನನ್ನವ್ವನ ಬೆಂಕಿ ಆರಿಸೋ ಗಂಡೆದೆ ಯಾರಿಗಿದೆಯೋ ನೋಡ್ತೀನಿ!” ಎಂದು ಕೆಂಡದ ಮೇಲೆ ಬೂದಿ ಎಳೆದು, ಬಾಣಲೆ ಕವುಚಿ, ಆರಿಸಿದೆನೆಂದು ಊರಿಗೆಲ್ಲ ಸುಳ್ಳು ಸಾರಿದಳು.

ಬೆಳಗಾಗೆದ್ದು ಒಲೆ ಕೆದಕಿ, ಹಸುಗೂಸು ಊನಾಳಿಗೆಂದು ಹಾಲಿಟ್ಟಳು. ಉರಿ ತೊಲೆ ಮುಟ್ಟುವ ಹಾಗೆ ಎದ್ದಿತು. ಆದರೆ ಹಾಲಿನ ಮೇಲೆ ಕೆನೆಯಲ್ಲ, ಮಂಜುಗಡ್ಡೆ ಕಟ್ಟಿತ್ತು! ನಂಬಲಾರದೆ ಉರಿಯೊಳಗೆ ಕೈಯಿಟ್ಟಳು. ಸುಡಲಿಲ್ಲ. ಬಾವಿಯ ನೀರಿನಲ್ಲಿಟ್ಟ ಹಾಗೆ ಕೈ ಕೊರೆಯಿತು. ಕಿಟಾರನೆ ಕಿರುಚಿ, ಕಟ್ಟಿಗೆಯ ಮೇಲೆ ಕಟ್ಟಿಗೆ ಒಟ್ಟಿದಳು, ಬೆಳಕು ಬಂತೇ ಹೊರತು ಬಿಸಿ ಬರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಕೂಸಿನ ತುಟಿ ನೀಲಿಯಾಗಿ, ಅದು ಅಳುವುದನ್ನೂ ಮರೆಯಿತು.

ರಾಣಿ ಕೂಸನ್ನು ಎದೆಗವಚಿಕೊಂಡು ಬರಿಗಾಲಲ್ಲಿ ಹಿಮ ತುಳಿದು ಓಡಿ, ಗುಡ್ಡದ ಬುಡದಲ್ಲಿ ಒಬ್ಬ ಕುರಿಗಾಹಿ ಮುದುಕಿಯ ಗುಡಿಸಲಿಗೆ ನುಗ್ಗಿದಳು. ಮುದುಕಿ ಕೂಸನ್ನು ಒಲೆಯ ಮಗ್ಗುಲಲ್ಲಿ ಮಲಗಿಸಿದೊಡನೆ ಅದು ಕಿಟ್ಟನೆ ಅತ್ತಿತು. ತಾಯಿಗೆ ಹೋದ ಜೀವ ಬಂತು. ಮುದುಕಿ ಕೂಸನ್ನು ತನ್ನ ಬಳಿಯೇ ಇರಿಸಿಕೊಂಡು, ಕೆಂಡ ಕೊಟ್ಟು ಕಳಿಸಿದಳು. ಅರಮನೆಯ ಹೊಸ್ತಿಲು ದಾಟುತ್ತಲೇ ಕೆಂಡ ಕರಿಕಲ್ಲಾಯಿತು. ಎರಡನೆಯ ಸಲವೂ ಹಾಗೆಯೇ. ಮೂರನೆಯ ಸಲವೂ ಹಾಗೆಯೇ.

ಮುದುಕಿ, “ಒಲೆ ಆರಿಸಿದ್ದು ನಿಜವೇನೇ ಮಗಳೇ?” ಎನ್ನಲು ರಾಣಿ ಗೋಳೋ ಎಂದು ಅತ್ತು, “ನನ್ನವ್ವನ ಗುರುತು ಅಂತ ಅದೊಂದೇ ಉಳಿದಿದೆ, ಅಜ್ಜೀ” ಎಂದಳು.

ಮುದುಕಿ ನಕ್ಕಳು. “ಅಯ್ಯೋ ಹುಚ್ಚೀ! ನಿಮ್ಮವ್ವ ಹಬ್ಬ ಹಬ್ಬಕ್ಕೂ ಕೈಯಾರೆ ಆರಿಸಿ, ಗುಡ್ಡ ಹತ್ತಿ, ನನ್ನಂಥವರ ಬೆನ್ನ ಹಿಂದೆ ನಿಂತು ತಂದ ಬೆಂಕಿ ಕಣೇ ಅದು. ಆರಿಸಿದ್ದಕ್ಕೇ ಇಷ್ಟು ಕಾಲ ಬಾಳಿತು.”

ರಾಣಿ ಅರಮನೆಗೆ ಹೋಗಿ, ಕಣ್ಣೀರು ಸುರಿಸುತ್ತ, ತನ್ನ ಕೈಯಾರೆ ಒಲೆಗೆ ನೀರು ಹೊಯ್ದಳು. ಬೆಂಕಿ ಚುಂಯ್ ಎಂದು ಆರುವಾಗ ಅಷ್ಟು ಹೊತ್ತು ಅಡಗಿದ್ದ ಬಿಸಿಯೆಲ್ಲ ಒಮ್ಮೆಗೇ ಎದ್ದು, ತಾಯಿಯ ಅಂಗೈಯಂತೆ ಅವಳ ಕೆನ್ನೆ ಸವರಿಹೋಯಿತು. ನಾಲ್ಕನೆಯ ಸಲ ತಂದ ಕೆಂಡ ಧಗ್ಗನೆ ಹೊತ್ತಿತು.

ಕೂಸನ್ನು ತರಲು ಹೋದರೆ ಗುಡಿಸಲೇ ಇಲ್ಲ! ಸುತ್ತ ಮೊಳಕಾಲುದ್ದ ಹಿಮ. ನಡುವೆ ಹಾಸಿಗೆಯಷ್ಟಗಲ ಹಸುರು ಹುಲ್ಲಿನ ಮೇಲೆ ಊನಾ ಬೆಚ್ಚಗೆ ನಿದ್ರಿಸುತ್ತಿದ್ದಳು. ಮುದುಕಿಯ ರೂಪದಲ್ಲಿ ಬಂದವಳು ಬ್ರಿಗಿತಾ ತಾಯಿಯೇ ಎಂದರಿತ ರಾಣಿ ಅಲ್ಲೇ ಹಿಮದಲ್ಲಿ ಅಡ್ಡಬಿದ್ದಳು. ಅಂದಿನಿಂದ ನಾಲ್ಕು ಹಬ್ಬವನ್ನೂ ತಪ್ಪದೆ ನಡೆಸಿ, ಬೆಲ್ಟೇನಿನಲ್ಲಿ ಎರಡು ಬೆಂಕಿಯ ನಡುವೆ ದನ ಹಾಯಿಸಿ, ಕೆಂಡಕ್ಕಾಗಿ ಕುರಿಗಾಹಿ ಹೆಂಗಸರ ಹಿಂದೆ ಕುಡಿಕೆ ಹಿಡಿದು ನಿಂತು, ಮಕ್ಕಳು ಮೊಮ್ಮಕ್ಕಳನ್ನು ಕಂಡು ಸುಖವಾಗಿ ಬಾಳಿದಳು.

ದೆರ್ವಲೆಯ ಒಲೆಗೆ ಒಲಿದ ತಾಯಿ ಈ ಕಥೆ ಓದಿದವರ, ಕೇಳಿದವರ, ಹೂಂಗುಟ್ಟಿದವರ ಒಲೆಗೂ ಒಲಿಯಲಿ; ಅವರ ಕೂಸುಗಳ ಮೈ ಬೆಚ್ಚಗಿರಲಿ. ಅಕ್ಷತೆಯನ್ನು ದೀಪದ ಬುಡಕ್ಕೆ ಹಾಕಿ ಕೈಮುಗಿಯಿರಿ.